ಹೊಂಗೆ ಮರದ ಹತ್ತಿರ ಸ್ಟಾಪ್ ಇಲ್ಲ

ಅಜ್ಜಂಪುರ
2 ಡಿಸೆಂಬರ್ 2024

ಪ್ರೀತಿಯ ಹೊನ್ನೇಶ್ ಮಾವ,

ಫೋನಿನಲ್ಲಿ ನಾವಿಬ್ಬರೂ ಊಟದ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ನಾನು ‘ಊಟ ಆಯ್ತಾ ಮಾವ’ ಅನ್ನುತ್ತೇನೆ, ನೀನು ‘ಆಯ್ತು, ನಿಂದು?’ ಅನ್ನುತ್ತೀಯ, ಆಮೇಲೆ ‘ಸರಿ, ಇಡ್ಲಾ?’. ಮೂರು ತಿಂಗಳಿಂದ ಇದೇ ಪಾಡು. ಅದಕ್ಕೇ ಈ ಕಾಗದ. ನನ್ನ ಝೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಪೋಸ್ಟಾಫೀಸಿದೆ, ಹಾಳೆಗೆ ಬರವಿಲ್ಲ, ಮತ್ತು ಕಾಗದದ ನಡುವೆ ನೀನು ‘ಇಡ್ಲಾ’ ಅನ್ನುವಂತಿಲ್ಲ.

ಮಾರ್ಚ್ ಮೂವತ್ತೊಂದರ ಮಾತು ಎತ್ತಬೇಡ ಎಂದು ಅಮ್ಮ ಹೇಳಿದ್ದಾಳೆ. ಎತ್ತುತ್ತೇನೆ. ಆ ತಾರೀಖಿನೊಳಗೆ ನೀನು ‘ಮತ್ತೆ ಬಸ್ಸು ಓಡಿಸುತ್ತೇನೆ’ ಎಂದು ಬರೆದುಕೊಡಬೇಕು. ಕೊಡದಿದ್ದರೆ ಕೊಳ್ಳೇಗಾಲದ ಡಿಪೋ ಗೇಟಿನಲ್ಲಿ ಕೂತು, ಒಳಗೆ ಬಂದ ಬಸ್ಸು, ಹೊರಗೆ ಹೋದ ಬಸ್ಸು ಎಂದು ನಂಬರು ಬರೆಯುವ ಕೆಲಸವೇ ರಿಟೈರಾಗುವವರೆಗೂ ಗಟ್ಟಿ. ನಮ್ಮ ಅಜ್ಜಂಪುರದ ಬಸ್ಸಿನ ಸ್ಟೀರಿಂಗು ಇನ್ನು ನಿನ್ನ ಕೈಗೆ ಬರುವುದಿಲ್ಲ. ಆಗಸ್ಟಿನಲ್ಲಿ ಸಂತೆ ಮೈದಾನದ ತಿರುವಿನಲ್ಲಿ ಹೂವಿನ ಮೀನಾಕ್ಷಮ್ಮನ ಪಾದದ ಮೇಲೆ ಗಾಲಿ ಹತ್ತಿತು, ನಿಜ. ವಿಚಾರಣೆಯಲ್ಲಿ ನಿನ್ನ ತಪ್ಪಿಲ್ಲ ಎಂದರು, ಅದೂ ನಿಜ. ಆದರೂ ನೀನೇ ಅರ್ಜಿ ಹಾಕಿಕೊಂಡು ಅಷ್ಟು ದೂರ ಓಡಿಹೋದೆ. ಯಾಕೆ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಕೋಪವೂ ಇಳಿದಿಲ್ಲ.

ಇರಲಿ. ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಂಡಿದ್ದೇನೆ. ಪಹಣಿ, ಜಾತಿ ಸರ್ಟಿಫಿಕೇಟು ಕೊಡುವ ಸರ್ವರ್ ಮಲಗಿದಾಗಲೆಲ್ಲ ಆಡುತ್ತೇನೆ, ಅಂದರೆ ಹೆಚ್ಚುಕಡಿಮೆ ಅರ್ಧ ದಿನ. ಊರು ಕಟ್ಟುವ ಆಟ. ರಸ್ತೆ ಎಳೆಯಬೇಕು, ಬಸ್ಸು ಬಿಡಬೇಕು. ಇರುವೆಯಷ್ಟು ಜನ ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಓಡಾಡುತ್ತಾರೆ. ದಾರಿ ಸರಾಗವಾಗಿದ್ದರೆ ಹಸಿರು ಕಾಣುತ್ತದೆ, ಗಾಡಿಗಳು ಸಿಕ್ಕಿಕೊಂಡರೆ ಕೆಂಪು. ನಾನು ನಮ್ಮ ಅಜ್ಜಂಪುರವನ್ನೇ ಕಟ್ಟಿದ್ದೇನೆ. ಎಲ್ಲ ಚೆನ್ನಾಗಿದೆ, ಸಂತೆ ತಿರುವು ಮಾತ್ರ ಕೆಂಪಗೆ ಉರಿಯುತ್ತಿದೆ. ನಾಲ್ಕು ಸಾಲಿನ ರಸ್ತೆ ಮಾಡಿದೆ, ಆರು ಸಾಲು ಮಾಡಿದೆ, ಅದಕ್ಕಾಗಿ ನಮ್ಮ ಮನೆಯನ್ನೂ ಕೆಡವಿದೆ (ಅಮ್ಮನಿಗೆ ಹೇಳಬೇಡ). ಇನ್ನಷ್ಟು ಕೆಂಪಾಯಿತು. ಕಲರ್ ಪ್ರಿಂಟ್ ಇಟ್ಟಿದ್ದೇನೆ. ಹದಿನೆಂಟು ವರ್ಷ ರಸ್ತೆಯಲ್ಲೇ ಕಳೆದವನು ನೀನು, ನೋಡಿ ಹೇಳು.

ನಿನ್ನ ಅಕ್ಕನ ಮಗಳು,
ಪ್ರಜ್ಞಾ


ಕೊಳ್ಳೇಗಾಲ
11 ಡಿಸೆಂಬರ್ 2024

ಪ್ರಜ್ಞಾ,

ಕಾಗದ ಬಂತು. ಆರೋಗ್ಯವಾಗಿದ್ದೇನೆ. ಊಟ ಆಯಿತು.

ಬಾಟಲಿಯ ಕತ್ತು ಸಣ್ಣದಾಗಿರುವಾಗ ಹೊಟ್ಟೆ ದೊಡ್ಡದು ಮಾಡಿದರೆ ನೀರು ಬೇಗ ಸುರಿಯುತ್ತದೆಯೇ? ನಿನ್ನ ಆರು ಸಾಲಿನ ಗಾಡಿಗಳೂ ಕೊನೆಗೆ ಅದೇ ಒಂದು ತಿರುವಿನಲ್ಲೇ ತೂರಬೇಕು ತಾನೇ. ರಸ್ತೆ ಅಗಲ ಮಾಡುವುದು ಬಿಟ್ಟು ತಿರುವಿಗೆ ಬರುವ ಗಾಡಿ ಕಡಿಮೆ ಮಾಡು. ಟ್ರ್ಯಾಕ್ಟರು, ತೆಂಗಿನಕಾಯಿ ಲಾರಿ ಊರೊಳಗೆ ಯಾಕೆ ಬರಬೇಕು? ಅವಕ್ಕೆ ಊರಾಚೆಯಿಂದ ಬೇರೆ ದಾರಿ ಕೊಡು. ತಿರುವಿನಿಂದ ಹತ್ತು ಮಾರಿಗೇ ಇನ್ನೊಂದು ಅಡ್ಡರಸ್ತೆ ತಂದು ಸೇರಿಸಿದ್ದೀಯ. ಅದನ್ನು ದೂರ ಸರಿಸು. ಎರಡು ಕೂಡುರಸ್ತೆ ಅಷ್ಟು ಹತ್ತಿರ ಇದ್ದರೆ ಒಂದರ ಸಾಲು ಇನ್ನೊಂದರ ಬಾಯಿಗೆ ಬಂದು ನಿಲ್ಲುತ್ತದೆ. ಮತ್ತೆ, ನಿನ್ನ ಊರಿನಲ್ಲಿ ದನಗಳೆಲ್ಲಿ? ದನ ಅಡ್ಡ ಬಾರದ ಅಜ್ಜಂಪುರವನ್ನು ನಾನು ನೋಡಿಲ್ಲ.

ನಿನ್ನ ಪ್ರಿಂಟನ್ನು ಇಲ್ಲಿಯ ಡ್ರೈವರ್ ರೇಣುಕಪ್ರಸಾದ್ ಕಿತ್ತುಕೊಂಡು ನೋಡಿದ. ಅವನ ಪ್ರಕಾರ ಅಲ್ಲಿಗೆ ಒಂದು ಸರ್ಕಲ್ ಬೇಕು. ನಾನು ಬೇಡ ಅಂದೆ. ಮಧ್ಯಾಹ್ನವೆಲ್ಲ ಗೇಟಿನಲ್ಲಿ ಅದೇ ಜಗಳ.

ಮಾರ್ಚ್ ಮೂವತ್ತೊಂದರ ವಿಷಯ ಮತ್ತೆ ಬರೆಯಬೇಡ. ಕೆಡವಿದ ಮನೆ ಕಟ್ಟು.

ಹೊನ್ನೇಶ

ಬೆಳಗಿನ 7.40ರ ಬಸ್ಸನ್ನು ಈಗ ಯಾರು ಓಡಿಸುತ್ತಿದ್ದಾರೆ?


ಅಜ್ಜಂಪುರ
20 ಡಿಸೆಂಬರ್ 2024

ಮಾವ,

ಏಳೂ ನಲವತ್ತರ ಬಸ್ಸಿಗೆ ವಾರಕ್ಕೊಬ್ಬ ಡ್ರೈವರ್. ನೀನು ಅದನ್ನು ಕೇಳಿದೆಯಲ್ಲ, ಅಮ್ಮನಿಗೆ ಆ ಸಾಲನ್ನು ಎರಡು ಸಲ ಓದಿ ಹೇಳಿದೆ. ಅವಳು ಸಾರಿಗೆ ಉಪ್ಪು ಎರಡು ಸಲ ಹಾಕಿದಳು.

ನೀನು ಹೇಳಿದಂತೆಯೇ ಮಾಡಿದೆ. ಲಾರಿಗಳಿಗೆ ಊರಾಚೆ ದಾರಿ ಕೊಟ್ಟೆ, ಅಡ್ಡರಸ್ತೆ ದೂರ ಸರಿಸಿದೆ, ಆರು ಸಾಲನ್ನು ಮತ್ತೆ ಎರಡಕ್ಕೆ ಇಳಿಸಿದೆ. ಎಷ್ಟೋ ಕಡೆ ಹಸಿರಾಯಿತು. ನಮ್ಮ ಮನೆಯನ್ನು ಒಂದು ಮಹಡಿ ಹೆಚ್ಚಿಗೆ ಹಾಕಿಯೇ ಕಟ್ಟಿದ್ದೇನೆ. ದನ ಮಾತ್ರ ಈ ಆಟದಲ್ಲಿ ಸಿಗುವುದಿಲ್ಲ, ಕ್ಷಮಿಸು.

ಈಗ ಉಳಿದಿರುವುದು ಒಂದೇ ಕೆಂಪು ಚುಕ್ಕೆ, ಹೊಂಗೆ ಮರದ ಹತ್ತಿರದ್ದು. ಮೂರು ದಿನ ಅದನ್ನೇ ನೋಡಿದೆ ಮಾವ. ನೋಡುತ್ತ ನೋಡುತ್ತ ವಿಷಯ ಹೊಳೆಯಿತು. ಅಲ್ಲಿ ಬಸ್‌ಸ್ಟಾಪು ತಿರುವಿಗೆ ಮೊದಲೇ ಇದೆ. ಬಸ್ಸು ನಿಂತರೆ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟುತ್ತವೆ. ಇಳಿದ ಜನ ಎದುರಿನ ಸಂತೆ ಬಾಗಿಲಿಗೆ ಹೋಗಲು ಬಸ್ಸಿನ ಮೂತಿಯ ಮುಂದೆಯೇ ದಾಟುತ್ತಾರೆ. ಬಸ್ಸೋ ಬಲಕ್ಕೆ ತಿರುಗಬೇಕು, ಡ್ರೈವರ್ ನೋಡುವುದು ಬಲಗಡೆ. ಎಡಗಡೆಯಿಂದ ಬಗ್ಗಿಕೊಂಡು ದಾಟುವವರು ಅವನಿಗೆ ಹೇಗೆ ಕಾಣಬೇಕು? ಸ್ಟಾಪನ್ನು ತಿರುವು ದಾಟಿದ ಮೇಲೆ ಇಟ್ಟಿದ್ದರೆ ಜನ ಬಸ್ಸಿನ ಹಿಂದಿನಿಂದ ದಾಟುತ್ತಿದ್ದರು. ಅಲ್ಲಿ ಹಳೆಯ ತಂಗುದಾಣವೂ ಇದೆ. ನಾನು ಕಂಡಾಗಿನಿಂದ ಅದರಲ್ಲಿ ಆಡು ಮಲಗುತ್ತವೆ.

ಹೊಂಗೆ ಮರದ ಹತ್ತಿರ ಸ್ಟಾಪು ಇಟ್ಟವನು ಯಾರೋ, ತಪ್ಪು ಅವನದು. ನಿನ್ನದಲ್ಲ. ಇದರ ಜೊತೆ ಇಟ್ಟಿರುವ ಹೊಸ ಪ್ರಿಂಟನ್ನೇ ಸೇರಿಸಿ ನಿಮ್ಮ ಆಫೀಸಿಗೂ ಇಲ್ಲಿನ ಆಫೀಸಿಗೂ ಅರ್ಜಿ ಬರೆಯುತ್ತಿದ್ದೇನೆ. ಅರ್ಜಿ ಬರೆಯುವುದೇ ನನ್ನ ಹೊಟ್ಟೆಪಾಡು, ಚೆನ್ನಾಗಿ ಬರೆಯುತ್ತೇನೆ. ನೀನು ತಲೆಯೆತ್ತಿಕೊಂಡು ವಾಪಸು ಬರಬಹುದು.

ಬೇಗ ಉತ್ತರ ಹಾಕು.

ಪ್ರಜ್ಞಾ


ಕೊಳ್ಳೇಗಾಲ
30 ಡಿಸೆಂಬರ್ 2024

ಪ್ರಜ್ಞಾ,

ಆ ಪ್ರಿಂಟನ್ನು ಯಾರಿಗೂ ತೋರಿಸಬೇಡ. ಅರ್ಜಿ ಹಾಕಬೇಡ. ನನ್ನ ಪರವಾಗಿ ಯಾರೂ ಮಾತಾಡುವುದು ಬೇಕಾಗಿಲ್ಲ. ಆಟ ಬಿಟ್ಟು ಅಂಗಡಿ ನೋಡಿಕೋ.

ಹೊನ್ನೇಶ


ಅಜ್ಜಂಪುರ
9 ಜನವರಿ 2025

ಮಾವ,

ಅರ್ಜಿ ಹಾಕಿಲ್ಲ. ಬರೆದದ್ದನ್ನು ಹರಿದು ಹಾಕಿದೆ. ಸಮಾಧಾನವೇ?

ನಾನು ಏಳು ವರ್ಷದವಳಿದ್ದಾಗ ರಜೆಯಲ್ಲಿ ನನ್ನನ್ನು ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಡೂರಿನವರೆಗೆ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ಯಾರಾದರೂ ಎದುರು ಬಂದು ಅಡ್ಡ ಹೊಕ್ಕರೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಸರಿ ಯಾವುದು ತಪ್ಪು ಯಾವುದು ಎಂದು ಬಿಡಿಸಿ ಹೇಳಿಯೇ ಮುಂದೆ ಹೋಗುತ್ತಿದ್ದೆ. ಆ ಹೊನ್ನೇಶ ಮಾವ ಈಗ ನನಗೆ ನಾಲ್ಕು ಸಾಲು ಬರೆದು ಬಾಯಿ ಮುಚ್ಚಿಸಿದ್ದಾನೆ. ನಿನಗೆ ಸ್ಟೀರಿಂಗೇ ಬೇಡವಾಗಿದೆ, ಗೇಟಿನ ಕುರ್ಚಿ ಹಿತವಾಗಿದೆ ಎಂದುಕೊಂಡಿದ್ದೇನೆ. ಅಮ್ಮನಿಗೆ ಹೇಳಿದರೆ ‘ಬಿಡೇ, ಅವ್ನ ಮನ್ಸಲ್ಲಿ ಏನೈತೋ’ ಅಂದಳು. ಏನಿದೆ ಎಂದು ನೀನೇ ಹೇಳದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?

ಕಾಗದ ಮುಗಿಸುವ ಮುಂಚೆ ನಾನೂ ಒಂದು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಅಕ್ಟೋಬರಿನಿಂದ ವಾರ ಬಿಟ್ಟು ವಾರ, ಭಾನುವಾರಗಳಲ್ಲಿ ನಾನು ಅಮೃತಾಪುರಕ್ಕೆ ಮೀನಾಕ್ಷಮ್ಮನ ಮನೆಗೆ ಹೋಗುತ್ತಿದ್ದೇನೆ. ಹೇಳಿದರೆ ನೀನು ಊಟದ ಮಾತನ್ನೂ ನಿಲ್ಲಿಸುತ್ತೀಯ ಎಂದು ಹೇಳಿರಲಿಲ್ಲ. ಎಡಗಾಲಿನ ಎರಡು ಬೆರಳು ಹೋಗಿವೆ, ಕೋಲು ಹಿಡಿದು ಓಡಾಡುತ್ತಾಳೆ. ಮನೆಯಲ್ಲೇ ಹೂವು ಕಟ್ಟಿ ಬೇರೆಯವರ ಕೈಯಲ್ಲಿ ಕಳಿಸುತ್ತಾಳೆ. ಅಂದಿನಿಂದ ಬಸ್ಸು ಹತ್ತಿಲ್ಲ. ಪ್ರತಿ ಸಲ ನಾನು ಬಾಗಿಲು ದಾಟುವ ಮೊದಲೇ ನಿನ್ನ ವಿಷಯ ಕೇಳುತ್ತಾಳೆ.

ಇನ್ನು ಬರೆಯುವುದಿಲ್ಲ.

ಪ್ರಜ್ಞಾ


ಕೊಳ್ಳೇಗಾಲ
3 ಫೆಬ್ರವರಿ 2025

ಪುಟ್ಟಿ,

ಮೀನಾಕ್ಷಮ್ಮ ನನ್ನ ವಿಷಯ ಏನೆಂದು ಕೇಳುತ್ತಾಳೆ? ಈ ಒಂದು ಸಾಲು ಬರೆಯಲು ನನಗೆ ಇಪ್ಪತ್ತು ದಿನ ಹಿಡಿಯಿತು.

ನಿನ್ನ ಎರಡನೆಯ ಪ್ರಿಂಟಿನಲ್ಲಿ ಹೊಂಗೆ ಮರದ ಹತ್ತಿರ ನೀಲಿ ಬಣ್ಣದ ಸ್ಟಾಪಿನ ಗುರುತು ನೋಡಿದೆನಲ್ಲ, ಅವತ್ತು ಅನ್ನ ಇಳಿಯಲಿಲ್ಲ. ‘ಅಲ್ಲಿ ಸ್ಟಾಪು ಇಟ್ಟವನು ಯಾರೋ, ತಪ್ಪು ಅವನದು’ ಎಂದು ಬರೆದಿದ್ದೆ. ಇಟ್ಟವನು ನಾನು.

ಅಲ್ಲಿ ಯಾವತ್ತೂ ಸ್ಟಾಪು ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಇರುವುದು ತಿರುವು ದಾಟಿದ ಮೇಲಿನ ತಂಗುದಾಣ, ನೀನು ಆಡು ಮಲಗುತ್ತವೆ ಅಂದೆಯಲ್ಲ ಅದೇ. ಒಂಬತ್ತು ವರ್ಷದ ಹಿಂದೆ ಒಂದು ಜಡಿಮಳೆಯ ಬೆಳಿಗ್ಗೆ ಮೀನಾಕ್ಷಮ್ಮ ಬುಟ್ಟಿ ಹಿಡಿದು ಎದ್ದು ನಿಂತು, ‘ಇಲ್ಲೇ ಇಳ್ಸಪ್ಪ ಡ್ರೈವರಪ್ಪ, ಅಲ್ಲಿಂದ ವಾಪಸ್ ನಡ್ಕಂಡ್ ಬರೋಷ್ಟರಲ್ಲಿ ಹೂವೆಲ್ಲ ನೆಂದೋಯ್ತವೆ’ ಅಂದಳು. ನಿಲ್ಲಿಸಿದೆ. ಮಾರನೆಯ ದಿನ ಮಳೆ ಇರಲಿಲ್ಲ, ಆದರೂ ನಿಲ್ಲಿಸಿದೆ. ಆಮೇಲೆ ತರಕಾರಿಯವರು, ಶಾಲೆಯ ಮಕ್ಕಳು, ಎಲ್ಲರೂ ಅಲ್ಲೇ ಇಳಿಯತೊಡಗಿದರು. ನಾನು ನಿಲ್ಲಿಸುತ್ತೇನೆ ಎಂದು ಬೇರೆ ಡ್ರೈವರುಗಳೂ ನಿಲ್ಲಿಸಿದರು. ಒಳ್ಳೆಯ ಡ್ರೈವರ್ ಅಂದರೆ ಹೊನ್ನೇಶ ಎಂದು ಊರೆಲ್ಲ ಹೇಳುತ್ತಿತ್ತು. ಅದು ನನಗೆ ಬಹಳ ಹಿತವಾಗಿತ್ತು ಪುಟ್ಟಿ. ಅಲ್ಲಿ ನಿಲ್ಲಿಸುವುದು ಅಪಾಯ ಎಂದು ನನಗೆ ಗೊತ್ತಿತ್ತು. ಎರಡು ಸಲ ಮಕ್ಕಳು ಕೂದಲೆಳೆಯಲ್ಲಿ ಪಾರಾಗಿದ್ದರು. ಆದರೂ ಕೆಟ್ಟವನಾಗಲು ಮನಸ್ಸು ಬರಲಿಲ್ಲ.

ಅಂದು ಅವಳು ಇಳಿದಳು. ನಾನು ಬಲಗಡೆ ನೋಡಿ ಕ್ಲಚ್ಚು ಬಿಟ್ಟೆ. ಅಷ್ಟೇ. ವಿಚಾರಣೆಯಲ್ಲಿ ಅಲ್ಲಿ ಯಾಕೆ ನಿಂತಿತು ಗಾಡಿ ಎಂದು ಕೇಳಿದರು. ದನ ಅಡ್ಡ ಬಂದವು, ನಿಲ್ಲಿಸಿದೆ, ಆಕೆ ತಾನಾಗಿ ಇಳಿದಳು ಅಂದುಬಿಟ್ಟೆ. ಆಸ್ಪತ್ರೆಯಲ್ಲಿ ಆಕೆಯನ್ನು ಕೇಳಿದಾಗ ಆಕೆಯೂ ದನ ಅಂದಳಂತೆ. ನನಗೋಸ್ಕರ ಆಕೆ ಸುಳ್ಳು ಹೇಳಿದಳು. ಅದಾದ ಮೇಲೆ ಒಂದು ಮಾತು ಹೇಳಿ ಕಳಿಸಲಿಲ್ಲ. ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದುಕೊಂಡೆ. ಸರಿಯಾಗಿಯೇ ಇದೆ ಅಂತಲೂ ಅನ್ನಿಸಿತು.

ಸ್ಟೀರಿಂಗು ಬೇಡವಾಗಿಲ್ಲ ಕಣೇ. ಗೇಟಿನಲ್ಲಿ ಕೂತು ಹೊರಗೆ ಹೋಗುವ ಪ್ರತಿ ಬಸ್ಸಿನ ಗೇರಿನ ಸದ್ದು ಕೇಳುತ್ತೇನೆ. ಹಿಡಿಯಲು ಯೋಗ್ಯತೆ ಇಲ್ಲ, ಅದು ಬೇರೆ.

ಇದನ್ನು ಯಾರಿಗೂ ಓದಿ ಹೇಳಬೇಡ.

ಹೊನ್ನೇಶ ಮಾವ


ಅಜ್ಜಂಪುರ
12 ಫೆಬ್ರವರಿ 2025

ಮಾವ,

ಓದಿ ಹೇಳಿದೆ. ಬೈಯುವುದಿದ್ದರೆ ಈಗಲೇ ಬೈದು, ಆಮೇಲೆ ಮುಂದೆ ಓದು.

ಭಾನುವಾರ ಮೀನಾಕ್ಷಮ್ಮ ಜಗಲಿಯಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ನಾನು ಒಂದೊಂದೇ ಸಾಲು ಓದಿದೆ. ‘ಒಳ್ಳೆಯ ಡ್ರೈವರ್’ ಅನ್ನುವಲ್ಲಿ ಅವಳ ಕೈ ನಿಂತಿತು. ಕೊನೆಯವರೆಗೂ ಕೇಳಿದಳು. ನೀನು ಅವಳ ಮೇಲೆ ಸಿಟ್ಟಾಗಿ ಊರು ಬಿಟ್ಟೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳಂತೆ. ತಾನು ಅಲ್ಲಿ ಇಳಿಸು ಅಂತ ಪೀಡಿಸಿದ್ದಕ್ಕೇ ಅಲ್ಲವೇ ಅವನಿಗೆ ಈ ಗತಿ ಬಂದದ್ದು, ಯಾವ ಮುಖ ಇಟ್ಟುಕೊಂಡು ಹೇಳಿ ಕಳಿಸಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನೀನು ಅಲ್ಲಿ ಕೂತು ಅವಳು ಮುನಿದಿದ್ದಾಳೆ ಅನ್ನುವುದು, ಅವಳು ಇಲ್ಲಿ ಕೂತು ನೀನು ಮುನಿದಿದ್ದೀಯ ಅನ್ನುವುದು! ನಡುವೆ ನಾನು ಊರೂರು ತಿರುಗುವ ಪೋಸ್ಟ್‌ಮ್ಯಾನ್.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ನಿಲ್ಸಿದ್ದು ಅವ್ನ ತಪ್ಪಾದ್ರೆ ಕೇಳಿದ್ದು ನಂದು. ಇಬ್ರುದೂ ಐತೆ, ಹಂಚ್ಕಳಾಣ. ಆದ್ರೆ ನಾನ್ ಸುಳ್ ಹೇಳಿದ್ದು ಅವ್ನು ಗಾಡಿ ಓಡುಸ್ಲಿ ಅಂತ ಕಣವ್ವ, ಗೇಟಲ್ ಕೂತ್ಕಳ್ಲಿ ಅಂತಲ್ಲ. ಅವ್ನು ಸ್ಟೀರಿಂಗ್ ಹಿಡುದ್ರೆ ನಾನು ಬಸ್ ಹತ್ತೀನಿ ಅಂತ ಬರಿ.’

ಬರೆದಿದ್ದೇನೆ.

ನನ್ನ ಮನಸ್ಸಿನದನ್ನೂ ಹೇಳುತ್ತೇನೆ. ಕಾಗದ ಓದಿದ ದಿನ ನಿನ್ನ ಮೇಲೆ ಬೇಸರವಾಯಿತು. ನಿನ್ನ ತಪ್ಪೇ ಇಲ್ಲ ಎಂದು ಎಲ್ಲರ ಹತ್ತಿರ ವಾದ ಮಾಡಿದವಳು ನಾನು. ಆಮೇಲೆ ಅನ್ನಿಸಿತು, ತಪ್ಪಿಲ್ಲದ ಮಾವನಿಗಿಂತ ತಪ್ಪು ಒಪ್ಪಿಕೊಂಡ ಮಾವನ ಕೈಯಲ್ಲಿ ಬಸ್ಸು ಇದ್ದರೆ ನಾನು ಧೈರ್ಯವಾಗಿ ಹತ್ತುತ್ತೇನೆ.

ಇನ್ನು ಆಟದ ವಿಷಯ. ಸ್ಟಾಪನ್ನು ತಂಗುದಾಣಕ್ಕೆ ಸರಿಸಿದೆ. ತಿರುವು ಹಸಿರಾಯಿತು, ಆದರೆ ಬಸ್ಸಿಗೆ ಜನವೇ ಇಲ್ಲ! ಅಲ್ಲಿಂದ ಸಂತೆಯ ಮುಂಬಾಗಿಲಿಗೆ ಇನ್ನೂರು ಹೆಜ್ಜೆ ವಾಪಸು ನಡೆಯಬೇಕಲ್ಲ, ಎಲ್ಲರೂ ಸ್ವಂತ ಗಾಡಿ ತೆಗೆದರು, ಎರಡೇ ದಿನಕ್ಕೆ ಊರೆಲ್ಲ ಮತ್ತೆ ಕೆಂಪು. ಬಸ್ಸನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಸಾಲದು, ಇಳಿದವರಿಗೆ ದಾರಿಯೂ ಬೇಕು. ತಂಗುದಾಣದ ಎದುರಿನಿಂದ ಮೈದಾನದ ಒಳಕ್ಕೆ ಒಂದು ಕಾಲುದಾರಿ ಎಳೆದೆ. ಬರೀ ನಾಲ್ಕು ಚೌಕ. ಹತ್ತು ನಿಮಿಷದಲ್ಲಿ ಪರದೆಯೆಲ್ಲ ಹಸಿರು ಮಾವ. ಅಂಗಡಿಗೆ ಬಂದವರು ನನ್ನನ್ನು ನೋಡಿ ಯಾರ ಮದುವೆ ನಿಶ್ಚಯವಾಯಿತು ಎಂದು ಕೇಳಿದರು.

ಅಂಗಡಿ ಬಾಗಿಲು ಎಳೆದು ನಿಜವಾದ ಮೈದಾನಕ್ಕೆ ಹೋಗಿ ನೋಡಿದೆ. ತಂಗುದಾಣದ ಎದುರಿನ ಗೋಡೆಯಲ್ಲಿ ಕಬ್ಬಿಣದ ಗೇಟಿದೆ! ತುಕ್ಕು ಹಿಡಿದ ಬೀಗ, ಹಿಂದೆ ಆಳೆತ್ತರ ಹುಲ್ಲಿನ ಬಣವೆ. ಬಣವೆ ಸಂತೆ ಗುತ್ತಿಗೆಯ ಷಣ್ಮುಖಪ್ಪನದು. ಬೀಗದ ಕೈ ಎಲ್ಲಿ ಅಂದರೆ ಕಳೆದುಹೋಗಿದೆ ಅನ್ನುತ್ತಾನೆ. ನೋಡೋಣ.

ಮಾರ್ಚ್ ಮೂವತ್ತೊಂದಕ್ಕೆ ಇನ್ನು ನಲವತ್ತೇಳು ದಿನ.

ಪ್ರಜ್ಞಾ


ಕೊಳ್ಳೇಗಾಲ
24 ಫೆಬ್ರವರಿ 2025

ಪುಟ್ಟಿ,

ಬೈಯುವುದಿಲ್ಲ.

ಮೀನಾಕ್ಷಮ್ಮನ ಮಾತನ್ನು ಹರಿದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಕಾಗದದ ಆ ಭಾಗ ಮಾತ್ರ. ಮೊನ್ನೆ ಇಲ್ಲಿನ ಮ್ಯಾನೇಜರ್ ಕೈಗೆ ಒಂದೇ ಕವರಿನಲ್ಲಿ ಎರಡು ಅರ್ಜಿ ಕೊಟ್ಟೆ. ಒಂದರಲ್ಲಿ ಮತ್ತೆ ಬಸ್ಸು ಓಡಿಸುತ್ತೇನೆ ಎಂದು ಬರೆದಿದ್ದೆ. ಇನ್ನೊಂದರಲ್ಲಿ ದನ ಇರಲಿಲ್ಲ, ಸ್ಟಾಪಿಲ್ಲದ ಕಡೆ ಒಂಬತ್ತು ವರ್ಷ ನಿಲ್ಲಿಸಿದವನು ನಾನು, ಹೇಳಿದ ಸುಳ್ಳು ನನ್ನದು ಎಂದು ಬರೆದಿದ್ದೆ. ಆಕೆಯ ಮಾತನ್ನು ನಡುವೆ ಎಳೆಯಲಿಲ್ಲ. ಮುಗಿದುಹೋದ ಫೈಲನ್ನು ಯಾಕ್ರೀ ಕೆದಕುತ್ತೀರಿ ಎಂದು ಅವರು ಕನ್ನಡಕ ತೆಗೆದು ನೋಡಿದರು. ಒಂದು ಕೊಡಿ, ಇನ್ನೊಂದನ್ನು ವಾಪಸು ತೆಗೆದುಕೊಳ್ಳಿ ಅಂದರು. ಎರಡೂ ಒಟ್ಟಿಗೇ ಹೋಗಲಿ ಅಂದೆ. ಹೋದರೆ ಏನಾಗುತ್ತದೋ ಗೊತ್ತಿಲ್ಲ. ಕೆಲಸಕ್ಕೇ ಕುತ್ತು ಬರಬಹುದು. ನಿನ್ನಮ್ಮ ವನಜಕ್ಕನಿಗೆ ಈಗಲೇ ಹೇಳಬೇಡ, ಸಾರು ಕೆಡುತ್ತದೆ.

ನಿನ್ನೆ ಮಧ್ಯಾಹ್ನ ತೊಳೆದು ನಿಲ್ಲಿಸಿದ್ದ ಒಂದು ಗಾಡಿಯನ್ನು ಶೆಡ್ಡಿಗೆ ಹಾಕಬೇಕಿತ್ತು. ರೇಣುಕಪ್ರಸಾದ್ ಕೀಲಿ ನನ್ನ ಕಡೆಗೆ ಎಸೆದು ಚಹಾ ಕುಡಿಯಲು ಹೊರಟುಹೋದ. ಬೇಕೆಂದೇ ಮಾಡಿದ. ಹತ್ತಿ ಕೂತೆ. ಕ್ಲಚ್ಚು ತುಳಿದವನು ಬಿಡಲಿಲ್ಲ. ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿ, ಮುಂದೆ ಯಾರೂ ಇಲ್ಲವೆಂದು ನೋಡಿ ಮತ್ತೆ ಹತ್ತಿದೆ. ಮೂವತ್ತು ಅಡಿ ದೂರಕ್ಕೆ ಮೂರು ಸಲ ಇಳಿದು ನೋಡಿದೆ. ಶೆಡ್ಡಿನವರು ನಕ್ಕರು. ಗಾಡಿ ಶೆಡ್ಡಿಗೆ ಸೇರಿತು.

ಷಣ್ಮುಖಪ್ಪನ ಬೀಗದ ಕೈ ಕಳೆದಿಲ್ಲ. ಅವನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಾನೆ, ನಾನು ಬಸ್ಸಿನಲ್ಲಿ ನೂರು ಸಲ ನೋಡಿದ್ದೇನೆ.

ಹೊನ್ನೇಶ ಮಾವ


ಅಜ್ಜಂಪುರ
14 ಮಾರ್ಚ್ 2025

ಮಾವ,

ಗೇಟು ತೆಗೆಯಿತು!

ಷಣ್ಮುಖಪ್ಪನ ಹತ್ತಿರ ನಾನು ಮೂರು ಸಲ ಹೋದೆ. ಪ್ರಿಂಟು ತೋರಿಸಿದರೆ, ‘ಕಂಪ್ಯೂಟರ್ ಆಟಕ್ಕೆಲ್ಲ ಊರ್ ಗೇಟ್ ತೆಗೀತಾರೇನಮ್ಮ’ ಅಂದ. ಉಡಿದಾರದ ವಿಷಯ ಎತ್ತಿದರೆ ಅದು ತಿಜೋರಿಯ ಕೀಲಿ ಅಂದ. ಸೋತು ಅಮೃತಾಪುರಕ್ಕೆ ಹೋಗಿ ಮೀನಾಕ್ಷಮ್ಮನ ಮುಂದೆ ಗೋಳು ತೋಡಿಕೊಂಡೆ. ಅವಳು ಸುಮ್ಮನೆ ಬುಟ್ಟಿಗೆ ಹೂವು ತುಂಬಿ, ನಾಳೆ ಬೆಳಿಗ್ಗೆ ನಿನ್ನ ಸ್ಕೂಟಿ ತಗೊಂಡು ಬಾ ಅಂದಳು.

ಸಂತೆಯ ದಿನ. ಏಳು ತಿಂಗಳ ಮೇಲೆ ಅವಳು ಅಜ್ಜಂಪುರಕ್ಕೆ ಬಂದಳು. ಮುಂಬಾಗಿಲಿಗೆ ಹೋಗಲಿಲ್ಲ. ಮುಚ್ಚಿದ ಗೇಟಿನ ಎದುರು ಗೋಣಿಚೀಲ ಹಾಸಿ, ಕೋಲು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತು ಹೂವು ಮಾರತೊಡಗಿದಳು. ಬ್ಯಾಂಡೇಜಿನ ಬಟ್ಟೆ ಬಿಚ್ಚಿದ ಆ ಪಾದ ಎಲ್ಲರಿಗೂ ಕಾಣುತ್ತಿತ್ತು. ಯಾಕಮ್ಮ ಇಲ್ಲಿ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ, ಇಲ್ಲಿಂದ ಒಳಗೆ ಹೋಗೋಕೆ ದಾರಿ ಬೇಕಿತ್ತು, ಕಾಯ್ತಾ ಇದೀನಿ. ಹೂವಿಗೆ ಬಂದ ಹೆಂಗಸರು ಅಲ್ಲೇ ನಿಂತರು. ಸೊಪ್ಪಿನವರು ಬಂದು ಪಕ್ಕದಲ್ಲಿ ಕೂತರು. ಹತ್ತು ಗಂಟೆಯ ಹೊತ್ತಿಗೆ ಅರ್ಧ ಸಂತೆ ಗೋಡೆಯ ಆಚೆಗೆ ಬಂದಿತ್ತು. ಷಣ್ಮುಖಪ್ಪ ಒಳಗಿನಿಂದ ಕೂಗಾಡಿದ. ಕೊನೆಗೆ ಅವನ ಹೆಂಡತಿಯೇ ಬಂದು ಒಂದು ಮಾರು ಹೂವು ಕೊಂಡು ಮುಡಿದು, ಗಂಡನ ಕಡೆ ತಿರುಗಿ, ‘ಹುಲ್ಲನ್ನ ಹಿತ್ತಲಿಗೆ ಹಾಕುಸ್ಕಳ್ರಿ, ಸಾಕು’ ಅಂದಳು. ತಿಜೋರಿಯ ಕೀಲಿ ಬೀಗಕ್ಕೆ ಸರಿಯಾಗಿ ಹೊಂದಿತು. ಎಣ್ಣೆ ಬಿಟ್ಟದ್ದು ನಾನು.

ಈಗ ತಂಗುದಾಣವನ್ನೂ ಗುಡಿಸಿದ್ದೇವೆ. ಆಡುಗಳಿಗೆ ಬೇಜಾರಾಗಿದೆ. ಹೊಂಗೆ ಮರಕ್ಕೆ ನಾನೇ ಒಂದು ಬೋರ್ಡು ಪ್ರಿಂಟ್ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದ್ದೇನೆ. ‘ಇಲ್ಲಿ ಸ್ಟಾಪ್ ಇಲ್ಲ. ತಿರುವು ದಾಟಿ ಇಳಿಯಿರಿ.’ ಆದರೂ ಬಸ್ಸುಗಳು ಇನ್ನೂ ಮರದ ಹತ್ತಿರವೇ ನಿಲ್ಲುತ್ತವೆ ಮಾವ. ಬೋರ್ಡು ನೋಡಿ ಡ್ರೈವರುಗಳು ನಗುತ್ತಾರೆ. ಆ ಅಭ್ಯಾಸ ಮಾಡಿಸಿದವನೇ ಬಂದು ಬಿಡಿಸಬೇಕು.

ಏನಾದರೂ ತಿಳಿಯಿತೇ? ಅಮ್ಮನಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಅಪ್ಪ ಕಟ್ಟು ಹಾಕಿಸಿದ್ದ ಬುದ್ಧನ ಪಟ ಒರೆಸಿ, ಪುಟ್ಟದೊಂದು ಪ್ರತಿ ತೆಗೆದುಕೊಡು, ಗಾಡಿಯಲ್ಲಿ ಇಡಲಿ ಅಂದಳು. ಇದರ ಜೊತೆ ಇದೆ.

ಪ್ರಜ್ಞಾ


ಕೊಳ್ಳೇಗಾಲ
28 ಮಾರ್ಚ್ 2025

ಪುಟ್ಟಿ,

ಆರ್ಡರ್ ಬಂತು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದಿದ್ದಾರೆ, ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ, ಹದಿನೈದು ದಿನ ಮತ್ತೆ ಟ್ರೈನಿಂಗ್. ಅದು ಮುಗಿಸಿ ನನ್ನ ಹಳೆಯ ತರೀಕೆರೆ ಡಿಪೋಗೇ ಬರಬೇಕಂತೆ. ಡ್ರೈವರ್ ಎಂದೇ ಬರೆದಿದ್ದಾರೆ. ನಾಲ್ಕು ಸಲ ಓದಿದೆ.

ಪಟ ಸಿಕ್ಕಿತು. ನಿನ್ನ ಪ್ರಿಂಟುಗಳನ್ನು ರೇಣುಕಪ್ರಸಾದ್ ಕೊಡುವುದಿಲ್ಲ ಅನ್ನುತ್ತಾನೆ. ಗೇಟಿನ ಗೋಡೆಗೆ ಅಂಟಿಸಿದ್ದಾನೆ. ಅವನು ಈಗಲೂ ಸರ್ಕಲ್ ಬೇಕೆಂದೇ ಹಠ ಹಿಡಿದಿದ್ದಾನೆ.

ಮಾವ


ತರೀಕೆರೆ
17 ಏಪ್ರಿಲ್ 2025

ಪುಟ್ಟಿ,

ನಿನ್ನ ಅಂಗಡಿಗೇ ಬಂದು ಹೇಳಬಹುದಿತ್ತು. ಬಂದರೆ ನೀನು ‘ಊಟ ಆಯ್ತಾ’ ಅನ್ನುತ್ತೀಯ, ನಾನು ‘ಆಯ್ತು’ ಅನ್ನುತ್ತೇನೆ. ಅದಕ್ಕೇ ಡಿಪೋದಲ್ಲಿ ಕೂತು ಟ್ರಿಪ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ.

ಇವತ್ತು 7.40 ನನ್ನದು. ಹೊರಡುವ ಮುಂಚೆ ಗಾಡಿಯನ್ನು ಎರಡು ಸುತ್ತು ಹಾಕಿದೆ. ಅಮೃತಾಪುರದಲ್ಲಿ ಮೀನಾಕ್ಷಮ್ಮ ನಿಂತಿದ್ದಳು. ಕೋಲು, ಬುಟ್ಟಿ, ಹೊಸ ಚಪ್ಪಲಿ. ಯಾರೋ ಕೈ ಹಿಡಿದು ಹತ್ತಿಸಿದರು. ನನ್ನ ಹಿಂದಿನ ಸೀಟಿನಲ್ಲಿ ಕೂತಳು. ನಾನು ತಿರುಗಿ ನೋಡಲಿಲ್ಲ. ಮಲ್ಲಿಗೆಯ ವಾಸನೆ ಮಾತ್ರ ಅಜ್ಜಂಪುರದವರೆಗೂ ಬರುತ್ತಿತ್ತು.

ಹೊಂಗೆ ಮರ ಕಂಡಾಗ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಒಂಬತ್ತು ವರ್ಷದ ಅಭ್ಯಾಸ. ಹಿಂದಿನಿಂದ ಅವಳೂ ಎದ್ದು ನಿಂತಳು. ಅವಳಿಗೂ ಅಭ್ಯಾಸ. ‘ಇಲ್ಲೇ ಇಳ್ಸಪ್ಪ ಡ್ರೈವರಪ್ಪ’ ಅಂದುಬಿಟ್ಟಳು. ಬಸ್ಸಿನಲ್ಲಿ ಎಲ್ಲರೂ ಏಳಲು ಶುರುಮಾಡಿದರು.

‘ಇಲ್ಲಿ ಸ್ಟಾಪ್ ಇಲ್ಲ ಕಣಮ್ಮ’ ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಕಾಲನ್ನು ಬ್ರೇಕಿನಿಂದ ತೆಗೆದೆ. ಹಿಂದಿನ ಸೀಟಿನವರು ಗೊಣಗಿದರು, ಯಾರೋ ಹೊನ್ನೇಶ ದೊಡ್ಡ ಮನುಷ್ಯ ಆಗಿಬಿಟ್ಟ ಅಂದರು. ಮೀನಾಕ್ಷಮ್ಮ ಮಾತ್ರ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಕೂತಳು.

ತಿರುವು ದಾಟಿ ತಂಗುದಾಣದಲ್ಲಿ ನಿಲ್ಲಿಸಿದೆ. ಅವಳು ಇಳಿದಳು. ಬಾಗಿಲಿನ ಹತ್ತಿರ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದಳು, ಆಮೇಲೆ ಗಾಡಿಯ ಹಿಂದುಗಡೆಗೆ ನಡೆದಳು. ನಾನು ಕನ್ನಡಿಯಲ್ಲಿ ಹುಡುಕಿದೆ. ಬಸ್ಸಿನ ಹಿಂದಿನಿಂದ ಹೊರಗೆ ಬಂದು, ಎರಡೂ ಕಡೆ ನೋಡಿ, ನಿಧಾನವಾಗಿ ರಸ್ತೆ ದಾಟಿದಳು. ಕೋಲು ಮೊದಲು, ಕಾಲು ಆಮೇಲೆ. ನಿನ್ನ ಗೇಟಿನೊಳಗೆ ಬುಟ್ಟಿ ಮರೆಯಾಗುವವರೆಗೂ ನಾನು ಕ್ಲಚ್ಚು ಬಿಡಲಿಲ್ಲ.

ಹಿಂದೆ ಲಾರಿಯವನು ಹಾರ್ನ್ ಹೊಡೆದ. ಕಂಡಕ್ಟರ್ ಎರಡು ಸಲ ರೈಟ್ ಅಂದ. ಗಡಿಯಾರ ನೋಡಿದರೆ ಆ ಸ್ಟಾಪಿನಲ್ಲೇ ಎರಡು ನಿಮಿಷ ಹೋಗಿತ್ತು. ನಾಳೆಯೂ ಹೋಗುತ್ತದೆ. ನಿನ್ನ ಆಟದಲ್ಲಿ ನನ್ನ ಬಸ್ಸಿಗೆ ಆ ಎರಡು ನಿಮಿಷ ಸೇರಿಸಿಕೋ.

ಮಾವ